ಹಳೆ ಕಂಪ್ಯೂಟರ್‌ಗಳಿಗೆ ನಮ್ಮದೇ ಪುಟ್ಟ ಲಿನಕ್ಸ್ ಐಎಸ್‌ಒ: ಲೈವ್ ಓಡಿದರೆ ಸಾಲದು

ಪ್ರಶ್ನೆ: ಶಿರಸಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಲ್ಯಾಬ್‌ನಲ್ಲಿ 12 ಹಳೆ ಕಂಪ್ಯೂಟರ್‌ಗಳಿವೆ. ಕೋರ್ 2 ಡ್ಯುಯೋ ಪ್ರೊಸೆಸರ್, 2 ಜಿಬಿ ರ‍್ಯಾಮ್, ವಿಂಡೋಸ್ 7. ನೆಟ್ ಬಹಳ ನಿಧಾನ. ಡೆಬಿಯನ್ ಲಿನಕ್ಸ್ ಇಟ್ಟುಕೊಂಡು, ಬೇಕಾದಷ್ಟೇ ಇರುವ, ಕನ್ನಡ ಬರೆಯಲು ಬರುವ ಒಂದು ಐಎಸ್‌ಒ (ಇನ್‌ಸ್ಟಾಲ್ ಡಿಸ್ಕ್‌ನ ಪೂರ್ತಿ ನಕಲಾದ ಒಂದೇ ಕಡತ) ಮಾಡಬೇಕೆಂದಿದ್ದೇನೆ. 700 ಎಂಬಿ ಮೀರಬಾರದು ಅಂತ ಆಸೆ. ಐಎಸ್‌ಒ ಕಟ್ಟುವ ಲೈವ್-ಬಿಲ್ಡ್ ಎಂಬ ಸಾಧನ ಬಳಸಿ ಒಂದು ಸಲ ಮಾಡಿಯೂ ಆಯಿತು. ಪೆನ್‌ಡ್ರೈವ್‌ನಿಂದ ಚೆನ್ನಾಗಿಯೇ ಓಡಿತು. ಆದರೆ ಹಾರ್ಡ್‌ಡಿಸ್ಕ್‌ಗೆ ಇನ್‌ಸ್ಟಾಲ್ ಮಾಡಿದ ಮೇಲೆ ಕನ್ನಡ ಕೀಬೋರ್ಡ್ ಮಾಯ. ಶಟ್‌ಡೌನ್ ಬಟನ್ ಮಂಕಾಗಿದೆ, ಒತ್ತಲು ಬರುವುದಿಲ್ಲ. ಎರಡು ಮೆಷಿನ್‌ಗಳಲ್ಲಿ ಯಾವ ವೆಬ್‌ಸೈಟೂ ತೆರೆಯುವುದಿಲ್ಲ. ಎಲ್ಲಿ ತಪ್ಪಿದೆ? ಮೊದಲಿನಿಂದ ಹೇಗೆ ಮಾಡಬೇಕು?

ಉತ್ತರ: ಮೇಷ್ಟ್ರೇ, ಮೊದಲು ಮೂರು ತೊಂದರೆಗಳ ಕಾರಣ ಹೇಳಿಬಿಡುತ್ತೇನೆ. ಕೀಬೋರ್ಡ್ ಮಾಯವಾಗಿದ್ದು ನೀವು ಅದನ್ನು ಲೈವ್ ಸಿಸ್ಟಂಗೆ ಮಾತ್ರ ಹೇಳಿದ್ದರಿಂದ. ಶಟ್‌ಡೌನ್ ಬಟನ್ ಮಂಕಾಗಿದ್ದು ಬೇಕಿದ್ದ ಪ್ಯಾಕೇಜ್ (ಸಾಫ್ಟ್‌ವೇರ್ ಕಟ್ಟು) ಒಂದನ್ನು ಬಿಟ್ಟಿದ್ದರಿಂದ. ಲೈವ್‌ನಲ್ಲೂ ಅದು ಮಂಕಾಗಿಯೇ ಇದ್ದಿರಬೇಕು, ಆಗ ಯಾರೂ ಆ ಕಡೆ ನೋಡುವುದಿಲ್ಲ ಅಷ್ಟೆ. ಇನ್ನು ವೆಬ್‌ಸೈಟ್ ತೆರೆಯದ ಆ ಎರಡು ಮೆಷಿನ್‌ಗಳಲ್ಲಿ ಮೊದಲು ತಾರೀಕು ಎಷ್ಟು ತೋರಿಸುತ್ತಿದೆ ನೋಡಿ. ಮದರ್‌ಬೋರ್ಡ್ ಮೇಲಿನ ಸಣ್ಣ ಬ್ಯಾಟರಿ ಸತ್ತಿರುವ ಸಾಧ್ಯತೆಯೇ ಜಾಸ್ತಿ. ಮೂರರ ಪರಿಹಾರವನ್ನೂ ಮುಂದೆ ಅವುಗಳ ಜಾಗದಲ್ಲಿ ಹೇಳುತ್ತೇನೆ.

ಒಂದು ಐಎಸ್‌ಒ ಅಂದರೂ ಅದರಿಂದ ಹೊರಬರುವುದು ಎರಡು ಸಿಸ್ಟಂ. ಒಂದು, ಪೆನ್‌ಡ್ರೈವ್‌ನಿಂದ ನೇರವಾಗಿ ಓಡುವ ಲೈವ್. ಇನ್ನೊಂದು, ಹಾರ್ಡ್‌ಡಿಸ್ಕ್ ಮೇಲೆ ಕೂರುವ ಸಿಸ್ಟಂ. ಲೈವ್ ಆಗಿ ಬೂಟ್ ಆದಾಗ ಲೈವ್-ಕಾನ್ಫಿಗ್ ಎಂಬ ಪ್ಯಾಕೇಜ್ ಪ್ರತಿ ಸಲವೂ ಹೊಸದಾಗಿ ಒಬ್ಬ ಯೂಸರ್‌ನನ್ನು ಹುಟ್ಟಿಸುತ್ತದೆ, ಭಾಷೆ ಮತ್ತು ಕೀಬೋರ್ಡ್ ಹೊಂದಿಸುತ್ತದೆ, ಪಾಸ್‌ವರ್ಡ್ ಕೇಳದೆ ಒಳಗೆ ಬಿಡುತ್ತದೆ. ಇನ್‌ಸ್ಟಾಲರ್ ಮಾಡುವುದು ಬೇರೆ. ಅದು ಐಎಸ್‌ಒ ಒಳಗೆ ಇಡೀ ಸಿಸ್ಟಂ ಅನ್ನು ಒತ್ತಿಟ್ಟಿರುವ ಸ್ಕ್ವಾಶ್‌ಎಫ್‌ಎಸ್ ಕಡತವನ್ನು ಬಿಚ್ಚಿ ಡಿಸ್ಕ್‌ಗೆ ಸುರಿಯುತ್ತದೆ. ಲೈವ್‌ಗೆ ಸಂಬಂಧಪಟ್ಟ ಪ್ಯಾಕೇಜ್‌ಗಳನ್ನು ತೆಗೆದುಹಾಕುತ್ತದೆ. ಆಮೇಲೆ ಯೂಸರ್, ಕೀಬೋರ್ಡ್, ಸಮಯ ಎಲ್ಲವನ್ನೂ ತನ್ನದೇ ಪ್ರಶ್ನೆ ಕೇಳಿ ಹೊಂದಿಸುತ್ತದೆ. ಹಾಗಾಗಿ ಲೈವ್‌ನಲ್ಲಿ ಸರಿ ಇದ್ದದ್ದು ಡಿಸ್ಕ್‌ನಲ್ಲೂ ಸರಿ ಇರುತ್ತದೆ ಅನ್ನುವ ಹಾಗಿಲ್ಲ. ನಿಮ್ಮ ಮಕ್ಕಳು ದಿನಾ ಕೂರುವುದು ಎರಡನೆಯದರ ಮುಂದೆ, ಅಲ್ವಾ? ಪರೀಕ್ಷೆ ಮಾಡಬೇಕಾದದ್ದೂ ಅದನ್ನೇ.

ಈಗ 700 ಎಂಬಿ ವಿಷಯ. ಆ ಲೆಕ್ಕವನ್ನು ಬಿಟ್ಟುಬಿಡಿ ಅನ್ನುತ್ತೇನೆ. ಅದು ಸಿಡಿಯ ಅಳತೆ, ನೀವು ಬಳಸುವುದು ಪೆನ್‌ಡ್ರೈವ್. ಐಎಸ್‌ಒ ಗಾತ್ರದಿಂದ ನಿರ್ಧಾರವಾಗುವುದು ಡೌನ್‌ಲೋಡ್ ಮತ್ತು ಕಾಪಿ ಮಾಡುವ ಸಮಯ ಮಾತ್ರ. ನಿಮ್ಮ ಮೆಷಿನ್ ನಿಧಾನ ಆಗುವುದು ರ‍್ಯಾಮ್ ತುಂಬಿದಾಗ. ಅದಕ್ಕೂ ಐಎಸ್‌ಒ ಗಾತ್ರಕ್ಕೂ ನೇರ ಸಂಬಂಧ ಇಲ್ಲ. ಟೈನಿ ಕೋರ್ ಎಂಬ ಲಿನಕ್ಸ್ ಇದೆ, ಡೆಸ್ಕ್‌ಟಾಪ್ ಸಮೇತ ಇಪ್ಪತ್ತು ಮೂವತ್ತು ಎಂಬಿ ಅಷ್ಟೆ. ಅದರ ಮೇಲೆ ಫೈರ್‌ಫಾಕ್ಸ್ ಹಾಕಿ ನಾಲ್ಕು ಟ್ಯಾಬ್ ತೆರೆಯಿರಿ. ಆಗ ಬ್ರೌಸರ್ ತಿನ್ನುವ ರ‍್ಯಾಮ್ ಬೇರೆ ಲಿನಕ್ಸ್‌ಗಳಲ್ಲಿ ತಿನ್ನುವಷ್ಟೇ. ಡೆಸ್ಕ್‌ಟಾಪ್‌ನಲ್ಲಿ ಉಳಿಸಿದ್ದನ್ನೆಲ್ಲ ಬ್ರೌಸರ್ ಒಂದೇ ನಿಮಿಷದಲ್ಲಿ ಖರ್ಚು ಮಾಡುತ್ತದೆ. ಆದ್ದರಿಂದ ಚಿಕ್ಕದು ಅಂದರೆ ಏನೆಂದು ಮೊದಲೇ ತೀರ್ಮಾನಿಸಿ. ನನ್ನ ಪ್ರಕಾರ ನಿಮಗೆ ಬೇಕಾದದ್ದು ಇಷ್ಟು: ಹಿನ್ನೆಲೆಯಲ್ಲಿ ಬೇಡದ್ದು ಓಡಬಾರದು, ಮೆನುವಿನಲ್ಲಿ ಮಕ್ಕಳಿಗೆ ಬೇಡದ್ದು ಇರಬಾರದು, ನೆಟ್ ಇಲ್ಲದೆಯೂ ಇನ್‌ಸ್ಟಾಲ್ ಮುಗಿಯಬೇಕು. ಇದು 1 ಜಿಬಿಯಲ್ಲಾದರೂ ಆಗಲಿ, ಒಂದೂವರೆ ಜಿಬಿಯಲ್ಲಾದರೂ ಆಗಲಿ, ಏನೂ ನಷ್ಟವಿಲ್ಲ.

ಸ್ವಂತ ಐಎಸ್‌ಒ ಬೇಕೇ ಬೇಕಾ ಎಂದೂ ಒಮ್ಮೆ ಕೇಳಿಕೊಳ್ಳಿ. ಒಂದೆರಡು ಮೆಷಿನ್ ಇದ್ದು ನೆಟ್ ಚೆನ್ನಾಗಿದ್ದರೆ ನಾನಂತೂ ಬೇಡ ಅನ್ನುತ್ತಿದ್ದೆ. ಬಾಕಿಯದನ್ನು ನೆಟ್‌ನಿಂದ ಇಳಿಸಿಕೊಳ್ಳುವ ಡೆಬಿಯನ್ನಿನ ನೆಟ್‌ಇನ್‌ಸ್ಟ್ ಐಎಸ್‌ಒ ತಗೊಂಡು, ಸಾಫ್ಟ್‌ವೇರ್ ಆಯ್ಕೆಯ ಪರದೆಯಲ್ಲಿ ಎಲ್ಲ ಡೆಸ್ಕ್‌ಟಾಪ್‌ಗಳ ಗುರುತು ತೆಗೆದು, ಆಮೇಲೆ ಬೇಕಾದ್ದನ್ನು ಪ್ಯಾಕೇಜ್ ಹಾಕುವ ಆಪ್ಟ್ ಕಮಾಂಡ್ ಮೂಲಕ ಹಾಕಿಕೊಂಡರೆ ಆಯಿತು. ನಿಮ್ಮಲ್ಲಿ 12 ಮೆಷಿನ್, ನಿಧಾನದ ನೆಟ್, ಎಲ್ಲದರಲ್ಲೂ ಒಂದೇ ಥರ ಇರಬೇಕೆಂಬ ಆಸೆ. ಇಲ್ಲಿ ಸ್ವಂತ ಐಎಸ್‌ಒ ಮಾಡುವುದರಲ್ಲಿ ಅರ್ಥ ಇದೆ. ಹೀಗೆ ಮಾಡಿದವರು ನೀವೇ ಮೊದಲಲ್ಲ. ಪಕ್ಕದ ಕೇರಳದಲ್ಲಿ ಸರ್ಕಾರದ ಕೈಟ್ ಸಂಸ್ಥೆ ಉಬುಂಟು ಮೇಲೆ ಕಟ್ಟಿದ ತನ್ನದೇ ಗ್ನೂ/ಲಿನಕ್ಸ್ ಅನ್ನು ಶಾಲೆಗಳಿಗೆ ಕೊಡುತ್ತಿದೆ. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಮಾಡಿದ ಬಾಸ್ ಲಿನಕ್ಸ್ ಕೂಡ ಡೆಬಿಯನ್ ಮೇಲೇ ನಿಂತಿದೆ.

ಡೆಬಿಯನ್ ಆರಿಸಿಕೊಂಡದ್ದು ಸರಿಯಾಗಿದೆ. ಕೋರ್ 2 ಡ್ಯುಯೋ 64 ಬಿಟ್‌ನದೇ, ಆದರೆ ಹಳೆಯ ತಲೆಮಾರಿನದು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ತನ್ನ 9ನೇ ಆವೃತ್ತಿಯಿಂದ ಇಂಥ ಪ್ರೊಸೆಸರ್‌ಗಳನ್ನು ಕೈಬಿಟ್ಟಿದೆ, ಅದಕ್ಕೆ ಬೇಕಾದ ಕೆಲವು ಪ್ರೊಸೆಸರ್ ಸೂಚನೆಗಳು (ಇನ್‌ಸ್ಟ್ರಕ್ಷನ್) ಇವುಗಳಲ್ಲಿ ಇಲ್ಲ. ಡೆಬಿಯನ್ ಈಗಲೂ ಮೊದಲ ತಲೆಮಾರಿನ 64 ಬಿಟ್ ಪ್ರೊಸೆಸರ್‌ಗಳ ಮೇಲೆ ಓಡುತ್ತದೆ. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13, ಅಂದರೆ ಟ್ರಿಕ್ಸಿ, ನಿಮಗೆ ಸರಿಹೋಗುತ್ತದೆ. ಎಲ್ಲಾದರೂ 32 ಬಿಟ್ ಮಾತ್ರದ ಹಳೇ ಆಟಮ್ ಲ್ಯಾಪ್‌ಟಾಪ್ ಸಿಕ್ಕರೆ ಅದಕ್ಕೆ ಟ್ರಿಕ್ಸಿಯಲ್ಲಿ ಕರ್ನಲ್ಲೂ (ಲಿನಕ್ಸ್‌ನ ತಿರುಳು) ಇಲ್ಲ, ಇನ್‌ಸ್ಟಾಲರೂ ಇಲ್ಲ. ಅದನ್ನು ಡೆಬಿಯನ್ 12ರಲ್ಲೇ ಇಡಬೇಕು.

ಕಟ್ಟುವುದಕ್ಕೆ ಬರೋಣ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ. ಲೈವ್-ಬಿಲ್ಡ್ ಅನ್ನು ಓಡಿಸಲು ಯಾವ ಆವೃತ್ತಿಯ ಐಎಸ್‌ಒ ಮಾಡುತ್ತೀರೋ ಅದೇ ಆವೃತ್ತಿಯ ಡೆಬಿಯನ್ ಬಳಸಿ. ವರ್ಚುವಲ್ ಮೆಷಿನ್ (ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್‌ನಿಂದ ಓಡುವ ಇನ್ನೊಂದು ಕಂಪ್ಯೂಟರ್) ಆದರೂ ಸಾಕು. ಉಬುಂಟು ಒಳಗಿನ ಲೈವ್-ಬಿಲ್ಡ್ ಬೇರೆ ದಾರಿ ಹಿಡಿದ ಹಳೆಯ ಕವಲು. ಅದರಿಂದ ಡೆಬಿಯನ್ ಕಟ್ಟಲು ಹೋದರೆ ಸುಮ್ನೆ ತಲೆನೋವು. ಡಿಸ್ಕ್‌ನಲ್ಲಿ ಹತ್ತು ಹದಿನೈದು ಜಿಬಿ ಖಾಲಿ ಇರಲಿ. ಕಟ್ಟುವ ಫೋಲ್ಡರ್ ಲಿನಕ್ಸ್ ಪಾರ್ಟಿಷನ್ ಮೇಲೇ ಇರಲಿ. ವಿಂಡೋಸ್ ಜೊತೆ ಹಂಚಿಕೊಂಡ ಫೋಲ್ಡರ್‌ನಲ್ಲೋ, ನೋಡೆವ್, ನೋಎಕ್ಸೆಕ್ ಎಂದು ಮೌಂಟ್ ಆದ (ಡಿವೈಸ್ ಕಡತ ಬಳಸಲು, ಪ್ರೋಗ್ರಾಂ ಓಡಿಸಲು ಬಿಡದ) ಜಾಗದಲ್ಲೋ ಮಾಡಿದರೆ ಮೊದಲ ಹಂತದಲ್ಲೇ ನಿಲ್ಲುತ್ತದೆ.

ಖಾಲಿ ಫೋಲ್ಡರ್ ಒಂದರಲ್ಲಿ ಎಲ್‌ಬಿ ಕಾನ್ಫಿಗ್ ಓಡಿಸಬೇಕು. ಅದಕ್ಕೆ ಕೊಡುವ ಆಯ್ಕೆಗಳಲ್ಲಿ ಮುಖ್ಯವಾದವು: ಡಿಸ್ಟ್ರಿಬ್ಯೂಷನ್ ಟ್ರಿಕ್ಸಿ, ಆರ್ಕೈವ್-ಏರಿಯಾಸ್‌ನಲ್ಲಿ ಮೇನ್ ಮತ್ತು ನಾನ್-ಫ್ರೀ-ಫರ್ಮ್‌ವೇರ್, ಡೆಬಿಯನ್-ಇನ್‌ಸ್ಟಾಲರ್‌ಗೆ ಲೈವ್, ಆಪ್ಟ್-ರೆಕಮೆಂಡ್ಸ್‌ಗೆ ಫಾಲ್ಸ್, ಫರ್ಮ್‌ವೇರ್-ಸಿಎಚ್‌ರೂಟ್‌ಗೂ ಫಾಲ್ಸ್. ಇವನ್ನು ಪ್ರತಿ ಸಲ ಟೈಪ್ ಮಾಡಬೇಡಿ. ಆಟೋ ಎಂಬ ಫೋಲ್ಡರ್‌ನಲ್ಲಿ ಕಾನ್ಫಿಗ್ ಎಂಬ ಹೆಸರಿನ ಸಣ್ಣ ಸ್ಕ್ರಿಪ್ಟ್ ಮಾಡಿ ಅದರಲ್ಲಿ ಬರೆದಿಡಿ. ಆಮೇಲೆ ಎಲ್‌ಬಿ ಕಾನ್ಫಿಗ್ ಎಂದಷ್ಟೇ ಹೇಳಿದರೂ ಅದನ್ನೇ ಓದಿಕೊಳ್ಳುತ್ತದೆ. ಇಡೀ ಫೋಲ್ಡರ್‌ನ ಸಂರಚನೆಯನ್ನು ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಇಟ್ಟರೆ ಇನ್ನೂ ಒಳ್ಳೆಯದು. ಮುಂದಿನ ವರ್ಷ ನೀವು ವರ್ಗವಾದರೆ ನಿಮ್ಮ ಜಾಗಕ್ಕೆ ಬಂದವರಿಗೆ ಏನು ಮಾಡಿದ್ದೀರಿ ಅಂತ ಗೊತ್ತಾಗಬೇಕಲ್ಲ.

ಪ್ಯಾಕೇಜ್‌ಗಳ ಪಟ್ಟಿಯನ್ನು ಕಾನ್ಫಿಗ್ ಒಳಗಿನ ಪ್ಯಾಕೇಜ್-ಲಿಸ್ಟ್ಸ್ ಫೋಲ್ಡರ್‌ನಲ್ಲಿ ಇಡಬೇಕು. ಫೈಲ್ ಹೆಸರಿನ ಕೊನೆ ಡಾಟ್ ಲಿಸ್ಟ್ ಡಾಟ್ ಸಿಎಚ್‌ರೂಟ್ ಎಂದು ಇರಲಿ. ಡಾಟ್ ಲಿಸ್ಟ್ ಎಂಬುದೇ ಇಲ್ಲದ ಫೈಲನ್ನು ಅದು ಗಮನಿಸುವುದೇ ಇಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ನಂತರ ಸುಡೊ ಜೊತೆ ಎಲ್‌ಬಿ ಬಿಲ್ಡ್. ಪರದೆ ಮೇಲೆ ಓಡುವುದನ್ನು ಟೀ ಎಂಬ ಕಮಾಂಡ್ ಮೂಲಕ ಒಂದು ಲಾಗ್ ಫೈಲ್‌ಗೂ ಇಳಿಸಿಕೊಳ್ಳಿ. ಎಲ್ಲ ಸರಿಯಾದರೆ ಕೊನೆಗೆ ಲೈವ್-ಇಮೇಜ್-ಎಎಂಡಿ64 ಡಾಟ್ ಹೈಬ್ರಿಡ್ ಡಾಟ್ ಐಎಸ್‌ಒ ಎಂಬ ಕಡತ ಕೈಗೆ ಸಿಗುತ್ತದೆ. ಏನಾದರೂ ಬದಲಿಸಿ ಮತ್ತೆ ಕಟ್ಟುವ ಮೊದಲು ಎಲ್‌ಬಿ ಕ್ಲೀನ್ ಸಾಕು, ಇಳಿಸಿಕೊಂಡ ಪ್ಯಾಕೇಜ್‌ಗಳು ಕ್ಯಾಶ್‌ನಲ್ಲಿ ಉಳಿಯುತ್ತವೆ. ನಿಧಾನದ ನೆಟ್‌ನಲ್ಲಿ ಇದು ದೊಡ್ಡ ಉಪಕಾರ. ಪರ್ಜ್ ಎಂದು ಸೇರಿಸಿದರೆ ಕ್ಯಾಶೂ ಹೋಗುತ್ತದೆ. ತಿಂಗಳುಗಟ್ಟಲೆ ಬಿಟ್ಟು ಮತ್ತೆ ಕಟ್ಟುವಾಗ ಮಾತ್ರ ಪರ್ಜ್ ಮಾಡಿಬಿಡಿ. ಇಲ್ಲದಿದ್ದರೆ ಇನ್‌ಸ್ಟಾಲರ್‌ನ ಕರ್ನಲ್ ಒಂದು, ಅದರ ಮಾಡ್ಯೂಲ್‌ಗಳು ಇನ್ನೊಂದು ಆಗಿ, ಕರ್ನಲ್ ಮಾಡ್ಯೂಲ್ ಸಿಗಲಿಲ್ಲ ಎಂದು ಇನ್‌ಸ್ಟಾಲರ್ ಅರ್ಧದಲ್ಲಿ ನಿಲ್ಲುವುದುಂಟು.

ಇಲ್ಲಿಂದ ಮುಂದೆ ಸ್ವಲ್ಪ ನಿಧಾನವಾಗಿ ಓದಿ. ಮಿನಿಮಲ್ ಐಎಸ್‌ಒ ಮಾಡುವವರು ಎಡವುವುದೆಲ್ಲ ಆಪ್ಟ್-ರೆಕಮೆಂಡ್ಸ್ ಫಾಲ್ಸ್ ಎನ್ನುವ ಸಾಲಿನಲ್ಲಿ.

ಡೆಬಿಯನ್ ಪ್ಯಾಕೇಜ್ ಒಂದಕ್ಕೆ ಕಡ್ಡಾಯವಾಗಿ ಬೇಕಾದವು ಡಿಪೆಂಡ್ಸ್. ಇರಲಿ ಎಂದು ಜೊತೆಗೆ ಬರುವವು ರೆಕಮೆಂಡ್ಸ್. ಕಿರಾಣಿ ಅಂಗಡಿಯವರು ಚೀಟಿಯಲ್ಲಿಲ್ಲದ ನಾಲ್ಕು ಸಾಮಾನು ಸೇರಿಸಿ ಕಟ್ಟಿಕೊಟ್ಟ ಹಾಗೆ. ಅದರಲ್ಲಿ ಮೂರು ನಿಮಗೆ ಬೇಡ, ನಾಲ್ಕನೆಯದು ಉಪ್ಪಾಗಿರುತ್ತದೆ. ರೆಕಮೆಂಡ್ಸ್ ಆಫ್ ಮಾಡಿದ ತಕ್ಷಣ ನೂರಾರು ಪ್ಯಾಕೇಜ್ ಕಮ್ಮಿಯಾಗಿ ಖುಷಿಯಾಗುತ್ತದೆ. ಆದರೆ ಬೇಕಾದ್ದನ್ನು ಹೆಸರು ಹಿಡಿದು ವಾಪಸ್ ಸೇರಿಸುವ ಜವಾಬ್ದಾರಿ ನಿಮ್ಮದು.

ಯಾವುದನ್ನು ಸೇರಿಸಬೇಕು? ಮೊದಲನೆಯದು ಯೂಸರ್-ಸೆಟಪ್ ಮತ್ತು ಸುಡೊ. ಯೂಸರ್-ಸೆಟಪ್ ಇಲ್ಲದಿದ್ದರೆ ಲೈವ್‌ನಲ್ಲಿ ಯೂಸರ್ ಹುಟ್ಟುವುದೇ ಇಲ್ಲ, ಲಾಗಿನ್ ಪರದೆ ನೋಡುತ್ತಾ ಕೂರಬೇಕು. ನಿಮ್ಮದು ಓಡಿದೆ ಅಂದಮೇಲೆ ಇದನ್ನು ಹಾಕಿದ್ದೀರಿ. ಎರಡನೆಯದು ಲಿಬ್‌ಪ್ಯಾಮ್-ಸಿಸ್ಟಂಡಿ, ಜೊತೆಗೆ ಪೋಲ್‌ಕಿಟ್. ಯಾರು ಈಗ ಕಂಪ್ಯೂಟರ್ ಮುಂದೆ ಕೂತಿದ್ದಾರೆ ಎಂದು ಸಿಸ್ಟಂಗೆ ತಿಳಿಯುವುದು ಇವುಗಳಿಂದ. ತಿಳಿಯದಿದ್ದರೆ ಆ ಯೂಸರ್‌ಗೆ ಶಟ್‌ಡೌನ್ ಮಾಡುವ ಹಕ್ಕು ಕೊಡುವುದಿಲ್ಲ. ನಿಮ್ಮ ಮಂಕಾದ ಬಟನ್ನಿನ ಕಥೆ ಇದೇ. ಮೂರನೆಯದು ಜಿವಿಎಫ್‌ಎಸ್. ಇದು ಇಲ್ಲದಿದ್ದರೆ ಪೆನ್‌ಡ್ರೈವ್ ಹಾಕಿದಾಗ ಥುನಾರ್ ಫೈಲ್ ಮ್ಯಾನೇಜರ್‌ನಲ್ಲಿ ಅದು ಕಾಣುವುದಿಲ್ಲ, ಟ್ರ್ಯಾಶ್ ಕೂಡ ಇರುವುದಿಲ್ಲ. ಇದನ್ನು ನೀವು ಬರೆದಿಲ್ಲ, ಆದರೂ ಒಮ್ಮೆ ನೋಡಿಕೊಳ್ಳಿ. ನಾಲ್ಕನೆಯದು ಸಿಸ್ಟಂಡಿ-ಟೈಮ್‌ಸಿಂಕ್‌ಡಿ.

ಆ ಎರಡು ಮೆಷಿನ್‌ಗಳ ಗುಟ್ಟು ಈ ನಾಲ್ಕನೆಯದರಲ್ಲಿದೆ. ಹತ್ತು ಹದಿನೈದು ವರ್ಷದ ಮದರ್‌ಬೋರ್ಡ್‌ನಲ್ಲಿ ಸಿಆರ್2032 ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ವೆಬ್‌ಸೈಟ್‌ಗಳ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೇ ಬಂದಿಲ್ಲ ಎಂದು ಬ್ರೌಸರ್ ತಿಳಿದು ಎಲ್ಲವನ್ನೂ ತಡೆಯುತ್ತದೆ. ಆಪ್ಟ್ ಕೂಡ ರಿಲೀಸ್ ಫೈಲ್ ಇನ್ನೂ ಮಾನ್ಯವಾಗಿಲ್ಲ ಎಂದು ಬೈಯುತ್ತದೆ. ಸಾಮಾನ್ಯ ಡೆಬಿಯನ್‌ನಲ್ಲಿ ಟೈಮ್‌ಸಿಂಕ್‌ಡಿ ನೆಟ್ ಸಿಕ್ಕ ಕೂಡಲೇ ಸಮಯ ಸರಿ ಮಾಡುತ್ತದೆ, ಆದ್ದರಿಂದ ಬ್ಯಾಟರಿ ಸತ್ತದ್ದು ಯಾರಿಗೂ ಗೊತ್ತಾಗುವುದಿಲ್ಲ. ಅದು ಬರುವುದು ರೆಕಮೆಂಡ್ಸ್ ದಾರಿಯಲ್ಲಿ. ನಿಮ್ಮ ಐಎಸ್‌ಒದಲ್ಲಿ ಅದು ಇಲ್ಲ. ಪ್ಯಾಕೇಜ್ ಸೇರಿಸಿ, ಬ್ಯಾಟರಿಯನ್ನೂ ಬದಲಿಸಿ. ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಡೆಸ್ಕ್‌ಟಾಪ್ ಯಾವುದು ಎಂದು ಜಗಳ ಮಾಡುವವರು ಬಹಳ ಇದ್ದಾರೆ. ನಾನು ಎಕ್ಸ್‌ಎಫ್‌ಸಿಇ ಅನ್ನುತ್ತೇನೆ. ಐಸ್‌ಡಬ್ಲ್ಯೂಎಂ ಅಥವಾ ಓಪನ್‌ಬಾಕ್ಸ್ ಇಟ್ಟರೆ ಇನ್ನೂ ಒಂದಷ್ಟು ರ‍್ಯಾಮ್ ಉಳಿಯುತ್ತದೆ, ನಿಜ. ಆದರೆ ವೈಫೈ ಐಕಾನ್, ವಾಲ್ಯೂಮ್, ಪ್ರಿಂಟರ್ ಎಲ್ಲವನ್ನೂ ಬಿಡಿಬಿಡಿಯಾಗಿ ಜೋಡಿಸಬೇಕು. ಶಾಲೆಯ ಲ್ಯಾಬ್‌ನಲ್ಲಿ ಅದನ್ನು ನೋಡಿಕೊಳ್ಳುವವರು ಯಾರು? ಪಟ್ಟಿಯಲ್ಲಿ ಇಷ್ಟು ಬರೆಯಿರಿ: ಎಕ್ಸ್‌ಎಫ್‌ಸಿಇ4, ಅದರ ಟರ್ಮಿನಲ್, ಲೈಟ್‌ಡಿಎಂ, ಎಕ್ಸ್‌ಆರ್ಗ್, ನೆಟ್‌ವರ್ಕ್ ಮ್ಯಾನೇಜರ್ ಮತ್ತು ಅದರ ಆಪ್ಲೆಟ್, ಫೈರ್‌ಫಾಕ್ಸ್ ಇಎಸ್‌ಆರ್, ಲಿಬ್ರೆಆಫೀಸ್‌ನ ರೈಟರ್ ಮತ್ತು ಕ್ಯಾಲ್ಕ್, ಅದಕ್ಕೆ ಜಿಟಿಕೆ3 ಜೋಡಣೆ. ಗಣಿತದ ಮೇಷ್ಟ್ರು ಅಂದಮೇಲೆ ಜಿಯೋಜೀಬ್ರಾ ಇರಲಿ ಅನ್ನಿಸಬಹುದು. ಅದು ಜಾವಾ ಎಳೆದುಕೊಂಡು ಬರುತ್ತದೆ, ಜಾಗ ನೋಡಿಕೊಂಡು ತೀರ್ಮಾನಿಸಿ.

ಫರ್ಮ್‌ವೇರ್ (ವೈಫೈ, ಗ್ರಾಫಿಕ್ಸ್‌ನಂಥ ಚಿಪ್‌ಗಳ ಒಳಗೆ ಓಡುವ ಸಾಫ್ಟ್‌ವೇರ್) ವಿಷಯದಲ್ಲಿ ಒಂದೇ ಮಾತು. ಫರ್ಮ್‌ವೇರ್-ಸಿಎಚ್‌ರೂಟ್ ಅನ್ನು ಹಾಗೇ ಬಿಟ್ಟರೆ ಇರುವ ಎಲ್ಲ ಫರ್ಮ್‌ವೇರೂ ಒಳಗೆ ಬರುತ್ತದೆ, ಅದೊಂದೇ ನೂರಾರು ಎಂಬಿ. ನಿಮ್ಮ 12 ಮೆಷಿನ್‌ಗಳಲ್ಲೂ ಎಲ್‌ಎಸ್‌ಪಿಸಿಐ ಓಡಿಸಿ, ಯಾವ ವೈಫೈ, ಯಾವ ಲ್ಯಾನ್, ಯಾವ ಗ್ರಾಫಿಕ್ಸ್ ಚಿಪ್ ಇದೆ ಬರೆದುಕೊಳ್ಳಿ. ಹಳೆ ಡೆಸ್ಕ್‌ಟಾಪ್‌ಗಳಿಗೆ ಸಾಮಾನ್ಯವಾಗಿ ಫರ್ಮ್‌ವೇರ್-ರಿಯಲ್‌ಟೆಕ್ ಸಾಕಾಗುತ್ತದೆ. ಎಎಂಡಿ ಗ್ರಾಫಿಕ್ಸ್ ಇದ್ದರೆ ಅದರದ್ದೂ ಬೇಕು. ಇದನ್ನು ಮಾಡಿದರೆ ನೀವು ಕೇಳಿದ 700 ಎಂಬಿ ಹತ್ತಿರಕ್ಕೆ ಬಂದರೂ ಬರಬಹುದು. ಆದರೆ ಅದಕ್ಕಾಗಿ ಅನುವಾದದ ಕಡತಗಳನ್ನೂ ದಾಖಲೆಗಳನ್ನೂ ಅಳಿಸುವ ಸ್ಕ್ರಿಪ್ಟ್‌ಗಳ ಕಡೆ ಹೋಗಬೇಡಿ. ಅಳಿಸಿದ್ದರಲ್ಲಿ ಕನ್ನಡದ್ದೂ ಇರುತ್ತದೆ, ಪರವಾನಗಿಯ ಕಡತಗಳೂ ಇರುತ್ತವೆ.

ಈಗ ಕನ್ನಡ. ಅಕ್ಷರ ಕಾಣಲು ಫಾಂಟ್ ಬೇಕು. ಫಾಂಟ್ಸ್-ಲೋಹಿತ್-ಕೆಎನ್‌ಡಿಎ ಪ್ಯಾಕೇಜ್ ಒಂದು ಎಂಬಿಯಷ್ಟೂ ಇಲ್ಲ. ಫಾಂಟ್ಸ್-ಕೆಎನ್‌ಡಿಎ ಹಾಕಿದರೆ ನವಿಲು ಫಾಂಟ್ ಕೂಡ ಬರುತ್ತದೆ. ಗುಬ್ಬಿಯನ್ನೂ ಪಟ್ಟಿಯಲ್ಲಿ ಬರೆದುಬಿಡಿ. ನೋಟೋದ ಇಡೀ ಗಂಟನ್ನು ಹಾಕಬೇಡಿ, ಚೀನೀ ಜಪಾನೀ ಅಕ್ಷರಗಳಿಗೇ ಅದರಲ್ಲಿ ಬಹಳ ಜಾಗ ಹೋಗುತ್ತದೆ.

ಕೀಬೋರ್ಡ್‌ಗೆ ಎರಡು ದಾರಿ. ಲಿನಕ್ಸ್‌ನ ಕೀಬೋರ್ಡ್ ವ್ಯವಸ್ಥೆಯಾದ ಎಕ್ಸ್‌ಕೆಬಿ ಒಳಗೇ ಕನ್ನಡ ಕಗಪ ವಿನ್ಯಾಸ ಇದೆ, ಹೆಚ್ಚಿಗೆ ಏನೂ ಹಾಕಬೇಕಿಲ್ಲ, ರ‍್ಯಾಮ್ ಖರ್ಚೂ ಇಲ್ಲ. ಆದರೆ ಅದು ಈ ಕೀಗೆ ಈ ಅಕ್ಷರ ಎಂಬ ನೇರ ಲೆಕ್ಕ. ಹಿಂದೆ ವ್ಯಂಜನ ಇದೆಯೋ ಇಲ್ಲವೋ ನೋಡುವುದಿಲ್ಲ. ನುಡಿಯಲ್ಲಿ ಕೈ ಪಳಗಿದವರಿಗೆ ಸ್ವಲ್ಪ ಇರುಸುಮುರುಸಾಗುತ್ತದೆ. ಐಬಸ್ ಎಂಬ ಟೈಪಿಂಗ್ ಪ್ರೋಗ್ರಾಂ ಜೊತೆ ಎಂ17ಎನ್ ಎಂಬ ವಿನ್ಯಾಸಗಳ ಕಟ್ಟನ್ನು ಹಾಕಿದರೆ ಅದರ ಕೆಜಿಪಿ ವಿನ್ಯಾಸ ಹಿಂದಿನ ಅಕ್ಷರ ನೋಡಿ ಸ್ವರವನ್ನೋ ಗುಣಿತದ ಚಿಹ್ನೆಯನ್ನೋ ಕೊಡುತ್ತದೆ. ಹಿನ್ನೆಲೆಯಲ್ಲಿ ಒಂದು ಪ್ರೋಗ್ರಾಂ ಓಡುತ್ತಿರುತ್ತದೆ, ಅಷ್ಟೇ ಖರ್ಚು. ಮಕ್ಕಳು ಹೊಸದಾಗಿ ಕಲಿಯುವವರಾದರೆ ಎರಡರಲ್ಲಿ ಯಾವುದಾದರೂ ಸರಿ. ಶಿಕ್ಷಕರೂ ಕೂತು ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಾರೆ ಅಂದರೆ ಐಬಸ್ ಹಾಕಿ. ಅಂದಹಾಗೆ, ಹಳೆ ನುಡಿಯ ಆಸ್ಕಿ ಫಾಂಟ್‌ನಲ್ಲಿ ಮಾಡಿದ ಪ್ರಶ್ನೆಪತ್ರಿಕೆಗಳು ಲಿನಕ್ಸ್‌ನಲ್ಲಿ ಚಿತ್ರವಿಚಿತ್ರವಾಗಿ ಕಾಣುತ್ತವೆ. ಅದು ಐಎಸ್‌ಒ ತಪ್ಪಲ್ಲ. ವಿಂಡೋಸ್ ಅಳಿಸುವ ಮೊದಲೇ ಅವನ್ನೆಲ್ಲ ಯುನಿಕೋಡ್‌ಗೆ ಬದಲಿಸಿಟ್ಟುಕೊಳ್ಳಿ.

ನೀವು ಬಹುಶಃ ಬೂಟ್‌ಅಪೆಂಡ್-ಲೈವ್ ಆಯ್ಕೆಯಲ್ಲಿ ಕೀಬೋರ್ಡ್-ಲೇಔಟ್ಸ್ ಎಂದು ಕೊಟ್ಟಿದ್ದೀರಿ. ಅದನ್ನು ಓದುವುದು ಲೈವ್-ಕಾನ್ಫಿಗ್ ಮಾತ್ರ. ಇನ್‌ಸ್ಟಾಲ್ ಆದ ಮೇಲೆ ಅದೇ ಇರುವುದಿಲ್ಲ, ಇನ್ನು ಅದು ಮಾಡಿದ್ದು ಎಲ್ಲಿ ಇರಬೇಕು? ಸಿಸ್ಟಂ ಮಟ್ಟದಲ್ಲಿ ಕೀಬೋರ್ಡ್ ಅಮೆರಿಕನ್ ಇಂಗ್ಲಿಷ್ ಆಗಿಯೇ ಇರಲಿ. ಲಾಗಿನ್ ಪರದೆಯಲ್ಲಿ ಕನ್ನಡ ಕೂತುಬಿಟ್ಟರೆ ಪಾಸ್‌ವರ್ಡ್ ಹಾಕಲು ಪರದಾಡಬೇಕಾಗುತ್ತದೆ. ಕನ್ನಡವನ್ನು ಯೂಸರ್ ಮಟ್ಟದಲ್ಲಿ ಇಡಿ. ವರ್ಚುವಲ್ ಮೆಷಿನ್‌ನಲ್ಲಿ ಎಕ್ಸ್‌ಎಫ್‌ಸಿಇಯ ಕೀಬೋರ್ಡ್ ಸೆಟ್ಟಿಂಗ್ ತೆರೆದು, ಸಿಸ್ಟಂ ಡೀಫಾಲ್ಟ್ ಬಳಸು ಎಂಬುದನ್ನು ತೆಗೆದು, ಇಂಗ್ಲಿಷ್ ಜೊತೆ ಕನ್ನಡ ಸೇರಿಸಿ, ಬದಲಿಸುವ ಕೀ ಆರಿಸಿ. ಆಗ ಹೋಮ್ ಫೋಲ್ಡರ್‌ನ ಡಾಟ್ ಕಾನ್ಫಿಗ್ ಒಳಗೆ, ಎಕ್ಸ್‌ಎಫ್‌ಸಿಇ4ರ ಎಕ್ಸ್‌ಎಫ್‌ಕಾನ್ಫ್ ಫೋಲ್ಡರ್‌ನಲ್ಲಿ ಕೀಬೋರ್ಡ್-ಲೇಔಟ್ ಎಂಬ ಎಕ್ಸ್‌ಎಂಎಲ್ ಕಡತ ಹುಟ್ಟುತ್ತದೆ. ಅದನ್ನು ಎತ್ತಿ ನಿಮ್ಮ ಕಟ್ಟುವ ಫೋಲ್ಡರ್‌ನ ಇನ್‌ಕ್ಲೂಡ್ಸ್ ಡಾಟ್ ಸಿಎಚ್‌ರೂಟ್ ಒಳಗೆ, ಇಟಿಸಿ, ಸ್ಕೆಲ್, ಆಮೇಲೆ ಅದೇ ದಾರಿಯಲ್ಲಿ ಇಡಿ. ಸ್ಕೆಲ್‌ನಲ್ಲಿ ಇರುವುದೆಲ್ಲ ಹೊಸದಾಗಿ ಹುಟ್ಟುವ ಪ್ರತಿ ಯೂಸರ್‌ನ ಹೋಮ್‌ಗೆ ನಕಲಾಗುತ್ತದೆ. ಲೈವ್ ಯೂಸರ್‌ಗೂ, ಇನ್‌ಸ್ಟಾಲರ್ ಮಾಡುವ ಯೂಸರ್‌ಗೂ. ಪ್ಯಾನೆಲ್, ವಾಲ್‌ಪೇಪರ್, ಮೆನು ಎಲ್ಲಕ್ಕೂ ಇದೇ ದಾರಿ. ಐಬಸ್ ಆರಿಸಿಕೊಂಡರೆ ಅದರ ಆಯ್ಕೆಗಳು ಡಿಕಾನ್ಫ್ ಎಂಬ ಸೆಟ್ಟಿಂಗ್ ಸಂಗ್ರಹದಲ್ಲಿ ಇರುತ್ತವೆ, ಅವನ್ನು ಇಡೀ ಸಿಸ್ಟಂಗೆ ಅನ್ವಯವಾಗುವಂತೆ ಬರೆಯಬೇಕು. ಕಡತ ಬೇರೆ, ತತ್ವ ಒಂದೇ.

ಇನ್‌ಸ್ಟಾಲರ್ ಗ್ರಾಫಿಕಲ್ ಆಗಿಯೇ ಇರಲಿ. ಕನ್ನಡದಲ್ಲಿ ಇನ್‌ಸ್ಟಾಲ್ ಮಾಡುವ ಅವಕಾಶ ಡೆಬಿಯನ್‌ನಲ್ಲಿ ಇದೆ, ಆದರೆ ಗ್ರಾಫಿಕಲ್ ಇನ್‌ಸ್ಟಾಲರ್‌ನಲ್ಲಿ ಮಾತ್ರ. ಬರೀ ಅಕ್ಷರದ ಪರದೆಗೆ ಕನ್ನಡದ ಒತ್ತಕ್ಷರಗಳನ್ನು ಜೋಡಿಸಲು ಬರುವುದಿಲ್ಲ.

ಪರೀಕ್ಷೆ ಹೇಗೆ ಮಾಡಬೇಕು? ಪ್ರತಿ ಸಲ ಪೆನ್‌ಡ್ರೈವ್‌ಗೆ ಬರೆದು ಲ್ಯಾಬ್‌ಗೆ ಓಡಬೇಡಿ. ವರ್ಚುವಲ್ ಮೆಷಿನ್ ಓಡಿಸುವ ಕ್ಯೂಇಎಂಯುನಲ್ಲಿ, ವೇಗಕ್ಕಾಗಿ ಕೆವಿಎಂ ಆನ್ ಮಾಡಿ, ಮೆಮೊರಿ 2048 ಕೊಟ್ಟು, 20 ಜಿಬಿಯ ಖಾಲಿ ಡಿಸ್ಕ್ ಒಂದನ್ನು ಜೋಡಿಸಿ, ಸಿಡಿರಾಂ ಜಾಗದಲ್ಲಿ ನಿಮ್ಮ ಐಎಸ್‌ಒ ಕೊಡಿ. ಲೈವ್ ಬಂತಾ ನೋಡಿ, ಅಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ. ಕೂಡಲೇ ಇನ್‌ಸ್ಟಾಲ್ ಮಾಡಿ. ಅದೂ ನೆಟ್ ಜೋಡಿಸದೆ, ಏಕೆಂದರೆ ನಿಮ್ಮ ಲ್ಯಾಬ್‌ನಲ್ಲಿ ಆಗುವುದು ಹಾಗೆಯೇ. ಆಮೇಲೆ ಸಿಡಿರಾಂ ತೆಗೆದು ಡಿಸ್ಕ್‌ನಿಂದ ಬೂಟ್ ಮಾಡಿ. ಈಗ ಮಗುವೊಂದು ಮಾಡುವುದನ್ನೆಲ್ಲ ಮಾಡಿ ನೋಡಿ. ಲಾಗಿನ್ ಆಗಿ, ರೈಟರ್ ತೆರೆದು ಕನ್ನಡದಲ್ಲಿ ಎರಡು ಸಾಲು ಬರೆದು ಉಳಿಸಿ. ಬ್ರೌಸರ್‌ನಲ್ಲಿ ಕನ್ನಡದ ಒಂದು ಪುಟ ತೆರೆಯಿರಿ, ಒತ್ತಕ್ಷರ ಸರಿ ಕೂತಿದೆಯಾ ನೋಡಿ. ಹಾಡು ಕೇಳಿಸುತ್ತದಾ? ಪಿಡಿಎಫ್ ತೆರೆಯುತ್ತದಾ? ಮೆನುವಿನಿಂದಲೇ ಶಟ್‌ಡೌನ್ ಮಾಡಿ. ಇನ್ನೊಬ್ಬ ಹೊಸ ಯೂಸರ್ ಮಾಡಿ ಅವನಿಗೂ ಕನ್ನಡ ಬಂತಾ ನೋಡಿ. ಕೊನೆಗೆ ಆಪ್ಟ್‌ನ ಸೋರ್ಸಸ್ ಕಡತ ತೆರೆದು ಓದಿ. ನೆಟ್ ಇಲ್ಲದೆ ಇನ್‌ಸ್ಟಾಲ್ ಮಾಡಿದಾಗ ಅದರಲ್ಲಿ ಸರಿಯಾದ ಸರ್ವರ್ ಸಾಲುಗಳು ಇಲ್ಲದೆ ಹೋಗಬಹುದು. ಆಗ ಮುಂದೆ ಯಾವ ಸೆಕ್ಯುರಿಟಿ ಅಪ್‌ಡೇಟೂ ಬರುವುದಿಲ್ಲ, ಮತ್ತು ಅದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ನಿಮ್ಮ ಮೆಷಿನ್‌ಗಳು ಹಳೆ ಬಯೋಸ್‌ನವು, ಕ್ಯೂಇಎಂಯು ಕೂಡ ಹಾಗೇ ಶುರುವಾಗುತ್ತದೆ. ಮುಂದೆ ಯಾರಾದರೂ ಹೊಸ ಲ್ಯಾಪ್‌ಟಾಪ್ ದಾನ ಕೊಟ್ಟರೆ ಎಂದು ಓವಿಎಂಎಫ್ ಪ್ಯಾಕೇಜ್ ಹಾಕಿಕೊಂಡು, ಹೊಸ ಮೆಷಿನ್‌ಗಳಲ್ಲಿ ಬಯೋಸ್ ಬದಲು ಇರುವ ಯುಇಎಫ್‌ಐನಲ್ಲೂ ಒಮ್ಮೆ ಬೂಟ್ ಮಾಡಿ ನೋಡಿ. ವರ್ಚುವಲ್ ಮೆಷಿನ್ ಹೇಳದ ಸಂಗತಿ ಹಾರ್ಡ್‌ವೇರ್. ವೈಫೈ, ಗ್ರಾಫಿಕ್ಸ್, ಸೌಂಡ್ ಇವನ್ನು ನಿಜ ಮೆಷಿನ್ ಮೇಲೇ ನೋಡಬೇಕು. ಡಿಎಂಇಎಸ್‌ಜಿ ಕಮಾಂಡ್ ತೋರಿಸುವ ಸಾಲುಗಳಲ್ಲಿ ಫರ್ಮ್‌ವೇರ್ ಎಂದು ಹುಡುಕಿದರೆ ಯಾವ ಕಡತ ಸಿಗಲಿಲ್ಲ ಎಂದು ಹೆಸರು ಸಮೇತ ಹೇಳುತ್ತದೆ. ಪೆನ್‌ಡ್ರೈವ್‌ಗೆ ಬರೆಯುವಾಗ ಡಿಡಿ ಆಗಲಿ ಸಿಪಿ ಆಗಲಿ, ಮೊದಲು ಎಲ್‌ಎಸ್‌ಬಿಎಲ್‌ಕೆ ಓಡಿಸಿ ಗಾತ್ರ ನೋಡಿ ಡಿವೈಸ್ ಹೆಸರು ಖಚಿತ ಮಾಡಿಕೊಳ್ಳಿ. ಅಲ್ಲಿ ಒಂದು ಅಕ್ಷರ ತಪ್ಪಿದರೆ ನಿಮ್ಮ ಸ್ವಂತ ಹಾರ್ಡ್‌ಡಿಸ್ಕ್ ಹೋಯಿತು.

ರ‍್ಯಾಮ್ ಎಷ್ಟು ಖರ್ಚಾಗುತ್ತಿದೆ ಎಂದು ಅಳೆಯುವುದಾದರೆ ಇನ್‌ಸ್ಟಾಲ್ ಆದ ಸಿಸ್ಟಂನಲ್ಲೇ ಅಳೆಯಿರಿ. ಲೈವ್‌ನಲ್ಲಿ ನೀವು ಬರೆಯುವ ಪ್ರತಿ ಕಡತವೂ ರ‍್ಯಾಮ್‌ನಲ್ಲೇ ಕೂರುತ್ತದೆ, ಅಲ್ಲಿನ ಲೆಕ್ಕ ಮೋಸ ಮಾಡುತ್ತದೆ. ಫ್ರೀ ಕಮಾಂಡ್ ಕೊಟ್ಟಾಗ ಫ್ರೀ ಎಂಬ ಕಾಲಂ ಬಿಟ್ಟು ಅವೈಲಬಲ್ ಎಂಬುದನ್ನು ನೋಡಿ. ಲಿನಕ್ಸ್ ಖಾಲಿ ರ‍್ಯಾಮ್ ಅನ್ನು ಡಿಸ್ಕ್ ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ಎಕ್ಸ್‌ಎಫ್‌ಸಿಇ ಸುಮ್ಮನೆ ಕೂತಾಗ ಅರ್ಧ ಜಿಬಿ ಆಸುಪಾಸು ತಗೊಂಡರೆ ಅದು ಸಹಜ. ಜಡ್‌ರ‍್ಯಾಮ್-ಟೂಲ್ಸ್ ಪ್ಯಾಕೇಜನ್ನು ಪಟ್ಟಿಗೆ ಸೇರಿಸಿ. ಅದು ರ‍್ಯಾಮ್‌ನ ಒಂದು ಭಾಗದಲ್ಲಿ ಮೆಮೊರಿಯ ಪುಟಗಳನ್ನು ಕುಗ್ಗಿಸಿ ಇಡುತ್ತದೆ. 2 ಜಿಬಿ ಮೆಷಿನ್‌ನಲ್ಲಿ ಬ್ರೌಸರ್ ತೆರೆದಾಗ ಇದರ ಬೆಲೆ ಗೊತ್ತಾಗುತ್ತದೆ. ಎಲ್ಲಿಂದಾದರೂ ಸ್ವಲ್ಪ ದುಡ್ಡು ಸಿಕ್ಕಿದರೆ ಸಣ್ಣ ಎಸ್‌ಎಸ್‌ಡಿ ಹಾಕಿಸಿ. ನಾನೂ ನೀವೂ ಪ್ಯಾಕೇಜ್ ಕತ್ತರಿಸಿ ಉಳಿಸುವುದಕ್ಕಿಂತ ಅದರಿಂದ ಆಗುವ ಉಪಯೋಗ ಎಷ್ಟೋ ಜಾಸ್ತಿ.

ಕಟ್ಟಿದ ಪ್ರತಿ ಐಎಸ್‌ಒ ಜೊತೆ ಡಾಟ್ ಪ್ಯಾಕೇಜಸ್ ಎಂಬ ಕಡತವೂ ಬರುತ್ತದೆ, ಒಳಗೆ ಏನೇನಿದೆ ಎಂಬ ಪಟ್ಟಿ. ಅದನ್ನು ಎಸೆಯಬೇಡಿ. ನಿನ್ನೆ ಸರಿ ಇದ್ದು ಇಂದು ಕೆಟ್ಟರೆ ಎರಡು ಪಟ್ಟಿಗಳನ್ನು ಡಿಫ್ ಕಮಾಂಡ್‌ನಿಂದ ಹೋಲಿಸಿ ನೋಡಿ, ಕಾರಣ ಅಲ್ಲೇ ಸಿಗುವುದು ಹೆಚ್ಚು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಕಟ್ಟುವುದೂ ಇದಕ್ಕಾಗಿಯೇ.

12 ಮೆಷಿನ್‌ಗಳಿಗೂ ಹಾಕಿದ ಮೇಲೆ ಅಪ್‌ಡೇಟ್‌ಗೆ ಮತ್ತೆ ಐಎಸ್‌ಒ ಕಟ್ಟಬೇಕಿಲ್ಲ. ಟ್ರಿಕ್ಸಿಗೆ 2028ರ ಆಗಸ್ಟ್‌ವರೆಗೆ ಪೂರ್ಣ ಬೆಂಬಲ, ಆಮೇಲೆ 2030ರ ಜೂನ್‌ವರೆಗೆ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ) ಇದೆ. ಇರುವುದರಲ್ಲಿ ಒಳ್ಳೆಯ ಒಂದು ಮೆಷಿನ್‌ನಲ್ಲಿ ಆಪ್ಟ್-ಕ್ಯಾಶರ್-ಎನ್‌ಜಿ ಹಾಕಿ, ಉಳಿದವು ಅದರ 3142ನೇ ಪೋರ್ಟ್ ಮೂಲಕ ಪ್ಯಾಕೇಜ್ ಕೇಳುವಂತೆ ಮಾಡಿ. ನೆಟ್‌ನಿಂದ ಒಂದು ಸಲ ಇಳಿದದ್ದು ಉಳಿದ ಹನ್ನೊಂದಕ್ಕೂ ಲ್ಯಾಬ್‌ನ ಒಳಗಿಂದಲೇ ಸಿಗುತ್ತದೆ. ಐಎಸ್‌ಒ ಕಟ್ಟುವಾಗಲೂ ಇದನ್ನೇ ಮಿರರ್ ಆಗಿ ಕೊಡಬಹುದು. ಆ ಮೆಷಿನ್ ಆಫ್ ಇದ್ದ ದಿನ ಮಾತ್ರ ಬೇರೆ ಯಾವುದೂ ಅಪ್‌ಡೇಟ್ ಆಗುವುದಿಲ್ಲ, ಅದರ ಮೇಲೆ ಒಂದು ಚೀಟಿ ಅಂಟಿಸಿಡಿ.